‘ಟಕ್’ ಅಂದು ಸುಮ್ಮನಾಗುವ ಜೆಟ್ ಸ್ಕಿ: ಅಳಿಯನಿಗೊಂದು ಕಾಗದ

ಹಾಸನ

ಚಿ. ಅಳಿಯನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ಕರಾವಳಿಯಿಂದ ಬೇಲೂರಿಗೆ ತಂದಿರುವ ಹಳೇ ಜೆಟ್ ಸ್ಕಿ, ಅದೇ ಆ ನೀರಿನ ಮೇಲೋಡುವ ಸ್ಕೂಟರು, ಬಟನ್ ಒತ್ತಿದರೆ ‘ಟಕ್’ ಅಂತ ಒಂದು ಸದ್ದು ಮಾಡಿ ಸುಮ್ಮನಾಗುತ್ತೆ ಅಂದೆ. ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರ್ ತರಿಸಲೋ ಸಿಡಿಐ ತರಿಸಲೋ ಅಂತ ಕೇಳಿದ್ದೀಯ. ಎರಡೂ ಈಗ ಬೇಡ. ಸಿಡಿಐ ಪ್ಲಗ್ಗಿಗೆ ಕಿಡಿ ಕೊಡುವ ಪೆಟ್ಟಿಗೆ. ನಿನ್ನದರಂಥ ಕಾರ್ಬುರೇಟರಿನ ಎರಡು ಸ್ಟ್ರೋಕ್ ಎಂಜಿನ್ ತಿರುಗದೆ ನಿಂತಿರುವಾಗ ಅದನ್ನು ಬೈದು ಪ್ರಯೋಜನವಿಲ್ಲ. ‘ಟಕ್’ ಅನ್ನೋದು ರಿಲೇ, ಬಟನ್ನಿನ ಸಣ್ಣ ಕರೆಂಟಿಗೆ ಕೂಡಿಕೊಂಡು ಸೆಲ್ಫಿಗೆ ದೊಡ್ಡ ಕರೆಂಟ್ ದಾಟಿಸುವ ಸ್ವಿಚ್. ಅದಕ್ಕೆ ಕರೆಂಟ್ ಬಂತು ಅಂದರೆ ಫ್ಯೂಸ್, ಬಟನ್ ಕೆಲಸ ಮಾಡಿವೆ. ಉಳಿದದ್ದು ದಪ್ಪ ಕೇಬಲ್ಲಿನ ದಾರಿ: ಬ್ಯಾಟರಿ, ರಿಲೇ, ಸೆಲ್ಫ್, ಆಮೇಲೆ ಅರ್ತ್, ಅಂದರೆ ಎಂಜಿನ್ ಮೈಯಿಂದ ಬ್ಯಾಟರಿ ನೆಗೆಟಿವ್‌ಗೆ ಮರಳುವ ದಾರಿ.

ಮೊದಲು ಸೀಟು ತೆಗೆದು ಹತ್ತು ನಿಮಿಷ ಗಾಳಿಯಾಡಲು ಬಿಡು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಜೆಟ್ ಸ್ಕಿಯ ಹೊಟ್ಟೆಯ ತಳದಲ್ಲೇ ಕೂತಿರುತ್ತೆ. ರಿಲೇಯ ಎರಡು ಬೋಲ್ಟಿಗೆ ಸ್ಪಾನರ್ ಅಡ್ಡ ಇಟ್ಟು ಕಿಡಿ ಹಾರಿಸುವ ಲಾರಿ ಗ್ಯಾರೇಜಿನ ಚಾಳಿ ಇಲ್ಲಿ ಬೇಡವೇ ಬೇಡ.

ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಪ್ಲಗ್ ತೆಗೆದು, ಎಂಜಿನ್ನಿನ ಹಿಂದಿನ ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡು. ಪ್ಲಗ್ ಇದ್ದಾಗ ಅಲುಗದ್ದು ಈಗ ತಿರುಗಿ, ರಂಧ್ರದಿಂದ ನೀರು ಬಂದರೆ ಸಿಲಿಂಡರಿನಲ್ಲಿ ನೀರು ತುಂಬಿತ್ತು ಅಂತ ಅರ್ಥ. ಪ್ಲಗ್ ಇಲ್ಲದೆಯೂ ಅಲುಗದಿದ್ದರೆ ಎಂಜಿನ್ ಹಿಡಿದಿದೆ, ವಯರಿಂಗ್ ಮುಟ್ಟಿ ಫಲವಿಲ್ಲ. ಮುಂದೆ ಪ್ಲಗ್ ತೆಗೆದು ಸೆಲ್ಫ್ ಹೊಡೆಯುವಾಗೆಲ್ಲ ಪ್ಲಗ್ ವಯರುಗಳನ್ನು ಎಂಜಿನ್ ಮೈಗೆ ಅರ್ತ್ ಮಾಡಿರಬೇಕು. ತೂಗುಬಿಟ್ಟರೆ ಸಿಡಿಐ ಸುಡಬಹುದು, ಆವಿಗೆ ಬೆಂಕಿಯೂ ಹತ್ತಬಹುದು.

ಈಗ ಬ್ಯಾಟರಿ. ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ 12.6 ವೋಲ್ಟಿಗೆ ಕಡಿಮೆ ತೋರಿಸಬಾರದು, 12.2 ಅಂದರೆ ಅರ್ಧ ಖಾಲಿ. ಇದು 19 ಆಂಪಿಯರ್ ಅವರ್ ಆಸುಪಾಸಿನ ಪುಟ್ಟ ಬ್ಯಾಟರಿ. ಲಾರಿ ಬ್ಯಾಟರಿಗಳ ಸಾಲಿನಲ್ಲಿಟ್ಟು ಚಾರ್ಜಿಗೆ ಹಾಕಿಸಬೇಡ, ಕುದಿದು ಪ್ಲೇಟ್ ಬಾಗುತ್ತೆ. 2 ಆಂಪಿಯರ್ ಸಾಕು, ನಿಧಾನವಾಗಲಿ. ಜೀಪಿನಿಂದ ಕೇಬಲ್ ಕೊಟ್ಟು ಸ್ಟಾರ್ಟ್ ಮಾಡುವುದಾದರೆ ಜೀಪಿನ ಎಂಜಿನ್ ಆಫ್ ಇರಲಿ.

ಆದರೆ ಸುಮ್ಮನಿರುವ ಬ್ಯಾಟರಿಯ ವೋಲ್ಟನ್ನು ನಂಬಿ ಕೂರಬೇಡಪ್ಪ. ನೆಗೆಟಿವ್ ಮತ್ತೆ ಜೋಡಿಸಿ, ಜೊತೆಗೊಬ್ಬರು ಬಟನ್ ಒತ್ತಿ ಹಿಡಿದಿರುವಾಗ ಅಳೆಯಬೇಕು, ಒಂದೊಂದು ಸಲಕ್ಕೆ ಮೂರ್ನಾಲ್ಕು ಸೆಕೆಂಡು, ಅಷ್ಟೆ. ಮೀಟರ್ ಮೊನೆ ಕೇಬಲ್ ತುದಿಯ ಲೋಹದ ಬಳೆಯ (ಥಿಂಬಲ್) ಮೇಲಲ್ಲ, ಬ್ಯಾಟರಿಯ ಸೀಸದ ಮೈ ಮೇಲೇ ಇರಲಿ. ಒತ್ತಿದಾಗ 9.5ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಸತ್ತಿದೆ, ಇಲ್ಲವೇ ಸೆಲ್ಫ್ ಹಿಡಿದು ವಿಪರೀತ ಎಳೆಯುತ್ತಿದೆ. 12ರ ಮೇಲೇ ನಿಂತರೆ ಕರೆಂಟ್ ಹರಿಯುತ್ತಲೇ ಇಲ್ಲ, ದಾರಿಯಲ್ಲೆಲ್ಲೋ ತಡೆ. ಅದನ್ನು ಹಿಡಿಯೋದು ಹೀಗೆ: ಕೆಂಪು ಮೊನೆ ಬ್ಯಾಟರಿ ಪಾಸಿಟಿವ್‌ಗೆ, ಕಪ್ಪು ಮೊನೆ ಸೆಲ್ಫಿನ ಬೋಲ್ಟಿಗೆ. ಒತ್ತಿದಾಗ ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಅಷ್ಟೂ ದಾರಿಯಲ್ಲಿ ಸೋರಿದ ವೋಲ್ಟು. ರಿಲೇಯ ಎರಡು ಬೋಲ್ಟ್ ನಡುವೆಯೇ ಅದು ಸಿಕ್ಕರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ. ‘ಟಕ್’ ಅನ್ನುತ್ತೆ, ದಾಟಿಸಲ್ಲ. ನಂತರ ಬ್ಯಾಟರಿ ನೆಗೆಟಿವ್‌ಗೂ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೂ ಇಟ್ಟು ನೋಡು, 0.3 ದಾಟಬಾರದು. ದಾಟಿದರೆ ಅರ್ತ್ ಕೇಬಲ್. ಎಲ್ಲ ಸರಿಯಿದ್ದು ಸೆಲ್ಫಿನ ಬೋಲ್ಟಿನಲ್ಲಿ ಪೂರ್ತಿ 12 ಇದ್ದೂ ತಿರುಗದಿದ್ದರೆ ಆಗ ಸೆಲ್ಫ್ ಬಿಚ್ಚು, ಕಾರ್ಬನ್ ಬ್ರಷ್ ತುಕ್ಕಿನಲ್ಲಿ ಅಂಟಿರುತ್ತೆ.

ನನ್ನ ಅನುಮಾನ ಅರ್ತಿನ ಮೇಲೆ. ಯಗಚಿ ಡ್ಯಾಮಿನದು ಸಿಹಿನೀರು, ಅದರದ್ದೇನೂ ತಕರಾರಿಲ್ಲ. ಆದರೆ ಕಡಲ ಉಪ್ಪು ಕೇಬಲ್ ಒಳಗೇ ಸೇರಿ ಇಲ್ಲಿಗೂ ಬಂದಿರುತ್ತೆ. ಥಿಂಬಲ್ ಹತ್ತಿರ ರಬ್ಬರ್ ಮೇಲೆ ಬೆರಳೊತ್ತಿ ನೋಡು. ಉಬ್ಬಿ, ಒಳಗೆ ಹರಳು ಹರಳಾಗಿ ಸಿಕ್ಕಿದರೆ ಒಂದಿಂಚು ಸೀಳು. ತಾಮ್ರ ಕೆಂಪಗೆ ಹೊಳೆಯುವ ಬದಲು ಕಪ್ಪಾಗಿ, ತುದಿಯಲ್ಲಿ ಹಸಿರು ಪುಡಿ ಉದುರಿದರೆ ಆ ಕೇಬಲ್ ಹೋಯಿತು. ತುದಿ ಕತ್ತರಿಸಿ ಹೊಸ ಥಿಂಬಲ್ ಹಾಕಿದರೂ ಸಾಲದು, ಆ ಕಪ್ಪು ಎಷ್ಟೋ ಸಲ ಅಡಿ ಉದ್ದಕ್ಕೂ ಹತ್ತಿರುತ್ತೆ. ತವರದ ಲೇಪವಿರುವ ತಾಮ್ರದ ಕೇಬಲ್ಲನ್ನೇ ಹಾಕು. ಥಿಂಬಲ್ ಒತ್ತಿದ ಮೇಲೆ ಒಳಮೈಗೆ ಗೋಂದು ಇರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ ಕಾಯಿಸು. ಮನೆ ವಯರಿಂಗಿನ ಕರಿ ಟೇಪು ನೀರನ್ನು ಹೊರಗಿಡಲ್ಲ, ಒಳಗೆ ಹಿಡಿದಿಡುತ್ತೆ.

ಸಣ್ಣ ವಯರಿಗೆ ಮೀಟರಿಗಿಂತ ಲಾರಿ ಇಂಡಿಕೇಟರಿನ 21 ವ್ಯಾಟ್ 12 ವೋಲ್ಟ್ ಬಲ್ಬು ವಾಸಿ. ಒಂದೇ ಎಳೆ ಉಳಿದ ವಯರಿನಲ್ಲೂ ಮೀಟರ್ 12 ತೋರಿಸುತ್ತೆ. ಬಲ್ಬು ಸುಮಾರು 1.75 ಆಂಪಿಯರ್ ಕೇಳುತ್ತೆ, ಮಂಕಾದರೆ ಕಳ್ಳ ಸಿಕ್ಕಿದ. ಸಿಡಿಐಗೂ, ಕಿಡಿಯ ಹೊತ್ತನ್ನು ಅದಕ್ಕೆ ತಿಳಿಸುವ ಪಿಕಪ್ ಕಾಯಿಲಿನ ವಯರಿಗೂ ಮಾತ್ರ ಆ ಬಲ್ಬು ತಾಗಿಸಬೇಡ.

ಸೆಲ್ಫ್ ತಿರುಗಿದ ಮೇಲೂ ಕಿಡಿ ಇಲ್ಲದಿದ್ದರೆ, ಆಗಲೂ ಸಿಡಿಐ ಕೊನೆಗೆ. ನಿನ್ನದರ ಕಾಲದ ಹಲವು ಯಂತ್ರಗಳಲ್ಲಿ ಸ್ಟಾಪ್ ಸ್ವಿಚ್ ಕಿಡಿಯನ್ನು ಅರ್ತ್ ಮಾಡಿ ಎಂಜಿನ್ ನಿಲ್ಲಿಸುತ್ತೆ. ಸ್ವಿಚ್ಚಿನೊಳಗೆ ನೀರು ಹೋದರೆ ಸದಾ ಅರ್ತ್. ನಿನ್ನ ಮಾಡೆಲ್ಲಿನ ವಯರಿಂಗ್ ನಕ್ಷೆಯಲ್ಲೂ ಹಾಗೇ ಇದ್ದರೆ, ಸ್ವಿಚ್ಚಿನ ವಯರು ಕೂಡುವ ಕಪ್ಲರ್ ಬಿಚ್ಚಿ ಕಿಡಿ ನೋಡು. ಬಂದರೆ ಸ್ವಿಚ್ ಬದಲಿಸು. ಕಪ್ಲರ್ ಬಿಚ್ಚಿಟ್ಟೇ ನೀರಿಗಿಳಿದರೆ ಮಾತ್ರ ನಾನು ಬೇಲೂರಿಗೆ ಬಂದು ಕಿವಿ ಹಿಂಡ್ತೀನಿ; ನೀನು ಬಿದ್ದರೂ ಅದು ನಿಲ್ಲದೆ ಹೋಗುತ್ತೆ.

ಸ್ಟಾರ್ಟ್ ಆದ ಮೇಲೆ ಚಾರ್ಜಿಂಗ್ ನೋಡು. ರೇಸ್ ಸ್ವಲ್ಪ ಏರಿಸಿದಾಗ 13.5ರಿಂದ 14.5 ಇರಬೇಕು. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ; 12ರಲ್ಲೇ ನಿಂತರೆ ಅದು ಇಲ್ಲವೇ ಮ್ಯಾಗ್ನೆಟ್ ಕಾಯಿಲ್. ದಡದಲ್ಲಿ ಪೈಪು ಕೊಟ್ಟು ಓಡಿಸುವಾಗ ಎಂಜಿನ್ ಮೊದಲು, ನೀರು ಆಮೇಲೆ. ನಿಲ್ಲಿಸುವಾಗ ನೀರು ಮೊದಲು ಬಂದ್. ತಿರುವುಮುರುವಾದರೆ ಸಿಲಿಂಡರಿಗೆ ನೀರು.

ಮಳೆಗಾಲ ಹಿಡಿದರೆ ಬ್ಯಾಟರಿ ಹೊರಗೆ ತೆಗೆದು ತಿಂಗಳಿಗೊಮ್ಮೆ ಚಾರ್ಜ್ ಕೊಡು. ವಯರಿಗೆ ಇಲಿ ಬಾಯಿ ಹಾಕದ ಹಾಗೆ ನೋಡಿಕೋ.

ಬಟನ್ ಒತ್ತಿದಾಗಿನ ಬ್ಯಾಟರಿ ವೋಲ್ಟು, ಪಾಸಿಟಿವ್ ಕಡೆ ಸೋರಿದ್ದು, ರಿಲೇಯದ್ದು, ಅರ್ತಿನದ್ದು, ಈ ನಾಲ್ಕು ಅಂಕಿ ಬರೆದು ಕಳಿಸು. ಏನು ತರಿಸಬೇಕು ಅಂತ ಆಮೇಲೆ ಹೇಳ್ತೀನಿ. ಅಕ್ಕ, ಭಾವನಿಗೆ ನಮಸ್ಕಾರ ತಿಳಿಸು.

ಇತಿ,
ನಿನ್ನ ಮಾವ