ಕಣ್ಣ ಮುಚ್ಚಿದಾಗ ಯಾರ್ ಬರ್ತಾರ ಅಂತ ಕೇಳಿದ್ದಿ

ದೋಸ್ತ,

ನೀ ಕೇಳಿ ಎರಡು ತಿಂಗಳಾತು, ನಾ ಇನ್ನೂ ಉತ್ತರ ಕೊಟ್ಟಿಲ್ಲ. ಆವತ್ತ ನಿಮ್ಮನಿ ಪಡಸಾಲ್ಯಾಗ ನೀ ಅಂಗೈ ಮ್ಯಾಲ ಲಿಂಗ ಇಟ್ಕೊಂಡು ಅಷ್ಟೊತ್ತು ನೋಡ್ಕೋತ ಕುಂತಿದ್ದಿ, ನಾ ಈ ಕಡೆ ಸುಮ್ನ ಕುಂತಿದ್ದೆ. ಪೂಜಿ ಮುಗಿಸಿ ಎದ್ದು ಬಂದು ಚಾ ಕುಡಿಯೂ ಮುಂದ ಕೇಳಿದಿ, “ನಂಗ ನೋಡಾಕ ಇದೊಂದೈತಿ, ನೀ ಕಣ್ಣ ಮುಚ್ಚಿ ಪ್ರಾರ್ಥನಾ ಮಾಡ್ತೀಯಲ್ಲ, ಆವಾಗ ಯಾರ್ ಬರ್ತಾರ? ಕ್ಯಾಲೆಂಡರಿನಾಗಿನ ಏಸುನ ಬರ್ತಾನೇನು?” ಅಂತ. ನಾ ಏನೋ ಒಂದ್ ಹೇಳಿ ಮಾತ್ ಮರಸಿದೆ. ಉತ್ತರ ಇರ್ಲಿಲ್ಲಂತಲ್ಲ, ಚಾ ಮುಗಿಯೂದ್ರಾಗ ಹೇಳೂ ಮಾತಲ್ಲ ಅದು, ಅದಕ್ಕ ಇಷ್ಟುದ್ದ ಬರ್ಯಾಕತ್ತೇನಿ.

ನಮ್ಮ ಚರ್ಚಿಗೆ ನೀ ಬಂದೀದಿ, ನೋಡೀದಿ. ಒಳಗ ಮೂರ್ತಿ ಇಲ್ಲ, ಫೋಟೋ ಇಲ್ಲ, ಮುಂದೊಂದು ಕಟ್ಟಿಗಿ ಶಿಲುಬಿ ಅಷ್ಟ, ಅದರ ಮ್ಯಾಲೂ ಯಾರೂ ಇಲ್ಲ. ಕ್ಯಾಥೊಲಿಕ್ ಮಂದಿ ಚರ್ಚಿನ್ಯಾಗ ಮಾತೆ ಮರಿಯಮ್ಮ ಇರ್ತಾಳ, ಸಂತರಿರ್ತಾರ, ಕಣ್ಣಿಗೊಂದು ಆಸರಿ ಇರ್ತೈತಿ. ನಮ್ದು ಬಾಸೆಲ್ ಮಿಶನ್ ಕಡೆಯಿಂದ ಬಂದ ಸಭಾ, ಆ ಜರ್ಮನಿ ಸ್ವಿಟ್ಜರ್ಲೆಂಡ್ ಮಂದಿ 1834 ರಾಗ ಮಂಗಳೂರಿಗೆ ಇಳಿದು ಆಮ್ಯಾಲ ಧಾರವಾಡ ಹುಬ್ಬಳ್ಳಿ ಬೆಟಗೇರಿ ಅಂತ ಈ ಕಡೆ ಬಂದ್ರು, ಅವರು ಕಟ್ಟಿದ ಚರ್ಚು ಎಲ್ಲಾ ಹಿಂಗ, ಹಂಚಿನ ಮಾಡ, ಬಿಳಿ ಗ್ವಾಡಿ, ಬೆಂಚು, ಮುಗೀತು. ದಶಾಜ್ಞೆಯಾಗ ಮೂರ್ತಿ ಮಾಡ್ಕೋಬ್ಯಾಡ್ರಿ ಅಂತ ಐತಿ, ಅದನ್ನ ಭಾಳ ಗಟ್ಟಿಯಾಗಿ ಹಿಡಿದ ಮಂದಿ. ಆದ್ರ ಗ್ವಾಡಿ ಖಾಲಿ ಇಟ್ರ ತಲಿ ಖಾಲಿ ಇರ್ತೈತೇನು ಹೇಳು. ಸಣ್ಣ ಹುಡುಗನ ತಲಿಯಾಗ ಏನರ ಒಂದ್ ಬಂದ ಕುಂದರ್ತೈತಿ.

ನನ್ನ ತಲಿಯಾಗ ಬಂದ್ ಕುಂತಾವ ಒಬ್ಬ ಕುರುಬ. ಖರೇನ ಕುರುಬ, ನಮ್ಮ ಕಡೆಯವ್ನ. ಕರಿ ಕಂಬಳಿ, ತಲಿಗೆ ರುಮಾಲು, ಕೈಯಾಗ ಉದ್ದಾನ ಬಡಗಿ, ಕುರಿ ವಾಸನಿ.

ಅದು ಹೆಂಗಾತಂದ್ರ, ನಮ್ಮ ಸತ್ಯವೇದದಾಗ, ಅಂದ್ರ ಬೈಬಲ್ಲಿನ್ಯಾಗ, 23 ನೇ ಕೀರ್ತನೆ ಐತಿ, ಸಂಡೇ ಸ್ಕೂಲಿನ್ಯಾಗ ಮೊದಲು ಬಾಯಿಪಾಠ ಮಾಡ್ಸೂದು ಅದನ್ನ. “ಯೆಹೋವನು ನನಗೆ ಕುರುಬನು, ಕೊರತೆಪಡೆನು.” ಗ್ರಾಂಥಿಕ ಕನ್ನಡ, “ಕೊರತೆಪಡೆನು” ಅಂದ್ರೇನು ಅಂತ ಏಳು ವರ್ಷದ ಹುಡುಗಗ ತಿಳಿಯೂದಿಲ್ಲ, ಯೆಹೋವ ಅನ್ನೂದು ದೇವರ ಹೆಸರಂತ ಮೊದಲ ತಿಳಿಯೂದಿಲ್ಲ. ಇಡೀ ಸಾಲಿನ್ಯಾಗ ನಂಗ ತಿಳಿದದ್ದು ಒಂದ ಶಬ್ದ, ಕುರುಬ. ಯಾಕಂದ್ರ ಅವ್ನನ್ನ ನಾ ನೋಡಿದ್ದೆ.

ಅವ್ವನ ತವರುಮನಿ ಮುಂಡರಗಿ ಕಡೆ ಅಂತ ನಿಂಗ ಗೊತ್ತೈತಿ. ಅಜ್ಜಗ ಎಂಟೆಕರೆ ಎರಿ ಹೊಲ, ಜ್ವಾಳ ಕಡ್ಲಿ ಕಿತ್ತ ಮ್ಯಾಲ ಬ್ಯಾಸಗಿ ಒಳಗ ಕುರಿ ತರುಬಸ್ತಿದ್ರು. ನೀ ಪ್ಯಾಟಿಯಾಗ ಬೆಳೆದಾವ, ನಿಂಗ ಹೇಳ್ಬೇಕು, ತರುಬೂದಂದ್ರ ಕುರುಬರು ತಮ್ಮ ಹಿಂಡು ತಂದು ರಾತ್ರಿ ಹೊಲದಾಗ ನಿಲ್ಲಸ್ತಾರ, ಸುತ್ತ ಬಲಿ ಕಟ್ತಾರ, ಹಿಕ್ಕಿ ಉಚ್ಚಿ ಎಲ್ಲಾ ಹೊಲಕ್ಕ ಬೀಳ್ತೈತಿ, ಮರುದಿನ ಬಾಜೂ ಜಾಗಕ್ಕ ಬಲಿ ಸರಸ್ತಾರ, ಹಿಂಗ ಇಡೀ ಹೊಲ ಆಗೂತನ. ಅದರಷ್ಟ ಚಲೋ ಗೊಬ್ಬರ ಬ್ಯಾರೆ ಇಲ್ಲ. ಅದಕ್ಕ ಅವರಿಗೆ ಜ್ವಾಳ ಕೊಡೂದು, ಒಂದಿಷ್ಟು ರೊಕ್ಕ ಕೊಡೂದು. ನಾ ಸೂಟಿಗೆ ಹೋದಾಗ ಅಜ್ಜನ ಕೂಡ ಹಟ ಮಾಡಿ ರಾತ್ರಿ ಹೊಲದಾಗ ಮಲಗ್ತಿದ್ದೆ.

ಒಂದ್ ರಾತ್ರಿ ಒಂದ್ ಕುರಿ ಈತು. ಅಕಾಲದ ಮಳಿ ಹನಿ ಹಾಕಾಕತ್ತಿತ್ತು, ಗಾಳಿ ಬ್ಯಾರೆ. ಹಿಂಡಿನ ಮುದುಕ ಕುರುಬ ಎದ್ದು ಹೋಗಿ ಕತ್ತಲಾಗ ಕೈಯಿಂದನ ಮರಿ ಎಳಕೊಂಡ, ಅದರ ಮೂಗು ಬಾಯಿ ಒರೆಸಿದ, ತಾಯಿಗೆ ನೆಕ್ಕಾಕ ಬಿಟ್ಟ, ಆಮ್ಯಾಲ ಆ ಮರೀನ ತನ್ನ ಬರಿ ಹೊಟ್ಟಿಗೆ ಹಚ್ಚಿ ಮ್ಯಾಲ ಕಂಬಳಿ ಸುತ್ತಿ ಬೆಳಗಾಗೂತನ ಕುಕ್ಕರಗಾಲಿನ್ಯಾಗ ಕುಂತ. ಮರೀ ಮೈಯಾಗಿನ ರಗತ ಲೋಳಿ ಎಲ್ಲಾ ಅವ್ನ ಹೊಟ್ಟಿಗೆ ಹತ್ತಿತ್ತು. ನಾ ಒಂಬತ್ತು ವರ್ಷದಾವ, ಅಜ್ಜನ ಹಚ್ಚಡದಾಗಿಂದ ಇಣುಕಿ ನೋಡ್ತಿದ್ದೆ. ಸಂಡೇ ಸ್ಕೂಲಿನ್ಯಾಗ ಹೇಳಿದ್ದು ಅವ್ನ ಬಗ್ಗೇನ ಅಂತ ಆವಾಗ ನಂಗ ಅನಸ್ತು, ಇಷ್ಟ ವರ್ಷಾದ್ರೂ ಅದು ಬದಲಾಗಿಲ್ಲ.

ಆಮ್ಯಾಲ ಸಂಡೇ ಸ್ಕೂಲಿನ್ಯಾಗ ಒಂದು ಚಿತ್ರ ಕೊಟ್ರು. ಬಿಳಿ ನಿಲುವಂಗಿ ಹಾಕ್ಕೊಂಡ ಏಸು, ಬಂಗಾರ ಬಣ್ಣದ ಕೂದಲಾ, ತೊಳದು ಹಿಂಡಿ ಒಣಗಿಸಿದಂಥ ಬಿಳಿ ಕುರಿಮರಿ, ಮೊಣಕಾಲಮಟ ಹುಲ್ಲು. ನಮ್ಮ ಕಡೆ ಅಂಥಾ ಕುರೀನೂ ಇಲ್ಲ ಅಂಥಾ ಹುಲ್ಲೂ ಇಲ್ಲ, ನಮ್ಮವು ಕರಿ, ಕಂದು, ಅವುಕ್ಕ ಸಿಗೂದು ಕೊಯ್ದ ಹೊಲದಾಗಿನ ಕೂಳಿ, ಜಾಲಿಕಾಯಿ. ಆ ಚಿತ್ರದ ಮ್ಯಾಲ ನಂಗ ಸಿಟ್ಟೇನಿಲ್ಲ, ಅದನ್ನ ತೆಗದಾವ ತನ್ನ ಊರಿನ ಕುರುಬನ್ನ ತೆಗದಾನ ಅಷ್ಟ. ರೋಮಿನ್ಯಾಗ ನೆಲದ ಕೆಳಗ ಹಳೇ ಸಮಾಧಿ ಗುಹಾ ಅದಾವ, ಹಿಂಸಾ ಇನ್ನೂ ಇದ್ದ ಕಾಲದಾಗ ಕ್ರೈಸ್ತರು ಸತ್ತವರನ್ನ ಹುಗೀತಿದ್ದ ಜಾಗ, ಮೂರನೇ ಶತಮಾನದಾಗ ಅಲ್ಲಿ ಮಾಳಗಿ ಮ್ಯಾಲ ಚಿತ್ರ ಬರದಾರ, ಅದರಾಗ ಶಿಲುಬಿ ಮ್ಯಾಲಿನ ಏಸು ಸಿಗೂದಿಲ್ಲ, ಗಡ್ಡ ಇಲ್ಲದ ಒಬ್ಬ ಹರೇದ ಹುಡುಗ ಮೊಣಕಾಲಮ್ಯಾಲಿನ ಅಂಗಿ ಹಾಕ್ಕೊಂಡು ಹೆಗಲ ಮ್ಯಾಲ ಕುರಿ ಹೊತ್ಕೊಂಡು ನಿಂತಾನ. ಅವರಿಗೆ ಅವರ ಊರಿನ ಕುರುಬ. ಅದನ್ನ ಮೊದಲನೇ ಸಲ ಪುಸ್ತಕದಾಗ ನೋಡಿದಾಗ ನಂಗೆಷ್ಟು ಖುಷಿ ಆತಂದ್ರ ಅವ್ವಗ ಕರದು ತೋರಿಸಿದೆ. ಸತ್ತ ಮನಿಯವರನ್ನ ಮಣ್ಣಿಗಿಟ್ಟು, ಅವರ ತಲಿ ಮ್ಯಾಲ ಕುರುಬನ್ನ ಬರದಾರಲ್ಲೋ.

ಒಮ್ಮೆ ನಮ್ಮ ಸಭಾದಾಗ ಒಬ್ರು ಹಿರೇರು ಹೇಳಿದ್ರು, ಕುರುಬ ಅನ್ನೂದು ಜಾತಿ ಹೆಸರಾಗ್ತೈತಿ, ದೇವರಿಗೆ ಹಂಗನ್ನೂದು ಸರಿ ಅಲ್ಲ, ಕುರಿಗಾಹಿ ಅನ್ನೂದು ಚಲೋ ಅಂತ. ಕುರಿಗಾಹಿ ಅಂತ ಹಾಕಿದ ಅನುವಾದಾನೂ ಐತಿ, ಓದಾಕ ಛಂದನೂ ಐತಿ. ಆದ್ರ ನಂಗದು ಸೇರಲಿಲ್ಲ, ಅಲ್ಲೇ ಎದ್ದು ಹೇಳೂ ಧೈರ್ಯ ಆಗ್ಲಿಲ್ಲ, ನಿನ್ನ ಮುಂದ ಹೇಳ್ತೇನಿ. ಕುರಿಗಾಹಿ ಅಂದ್ರ ಒಂದು ಕೆಲಸ, ಕುರುಬ ಅಂದ್ರ ಒಬ್ಬ ಮನಷ್ಯಾ. ಅವ್ನಿಗೆ ಊರೈತಿ, ಬೀರದೇವ್ರು ಐತಿ, ಡೊಳ್ಳೈತಿ, ಮಂದಿ ಅವ್ನ ಮೈ ವಾಸನಿಗೆ ದೂರ ಸರದು ಕುಂತದ್ದೂ ಐತಿ. ಸತ್ಯವೇದ ಮೊದಲ ಪೂರಾ ಕನ್ನಡಕ್ಕ ಬಂದದ್ದು ಬಳ್ಳಾರಿಯಾಗ, ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಅನ್ನಾವ್ರು ವರ್ಷಗಟ್ಲೆ ಕುಂತು ಮಾಡಿದ್ದು, 1831 ಕ್ಕ ಪೂರಾ ಅಚ್ಚಾತು, ಆ ಬಳ್ಳಾರಿ ಸುತ್ತಲಿನ ಬಯಲು ನೋಡಿದ್ರ ಕುರಿ ಹಿಂಡು ಕಾಣಲಾರದ ದಾರಿ ಇಲ್ಲ. ಅಂಥಾ ನೆಲದ ಭಾಷಾದಾಗ ದೇವ್ರಿಗೆ ಕುರುಬ ಅಂತ ಹೆಸರು ಬಂತು ಅನ್ನೂದು ನಂಗ ಭಾಳ ದೊಡ್ಡದನಿಸ್ತೈತಿ. ಆ ಕೀರ್ತನೆ ದಾವೀದಂದು ಅಂತಾರ, ಅವ್ನೂ ಅಂಥಾವ್ನ, ಸಮುವೇಲ ಪ್ರವಾದಿ ಅರಸನ್ನ ಆರಸಾಕ ಮನಿಗೆ ಬಂದಾಗ ಅವ್ನ ಅಪ್ಪ ಬ್ಯಾರೆ ಎಲ್ಲಾ ಮಕ್ಕಳನ್ನ ಕರದು ನಿಲ್ಲಿಸ್ತಾನ, ಇವ್ನನ್ನ ಕರ್ಯಾಕ ನೆನಪಾಗೂದಿಲ್ಲ, ಕುರಿ ಕಾಯಾಕ ಹೋಗಿದ್ನಲ್ಲ. ಏಸು ಹುಟ್ಟಿದ ಸುದ್ದಿ ಮೊದಲ ಹೋಗಿದ್ದು ರಾತ್ರಿ ಹೊಲದಾಗ ಹಿಂಡು ಕಾಯೂ ಮಂದಿಗೆ, ಊರಾಗ ಬಾಗಲಾ ಹಾಕ್ಕೊಂಡು ಮಲಗಿದವರಿಗಲ್ಲ. ಕ್ರಿಸ್ಮಸ್ ನಾಟಕದಾಗ ನಾ ಪ್ರತಿ ವರ್ಷ ಕುರುಬನ ಪಾರ್ಟು ತೊಗೋತಿದ್ದೆ, ಅಜ್ಜನ ಕಂಬಳಿ ಹೊತ್ಕೊಂಡು, ನೆನಪೈತೇನು, ಒಮ್ಮೆ ನೀನೂ ಬಂದು ನೋಡಿದ್ದಿ.

ಇಲ್ಲೀತನ ಬರದದ್ದು ಹಗುರ ಇತ್ತು. ಮುಂದಿಂದು ನಿಂಗ ಅರ್ಧ ಗೊತ್ತೈತಿ.

2021 ರ ಮೇ ತಿಂಗಳು. ಕೊರೊನಾ ಕಾಲ, ಅಪ್ಪನ್ನ ಆಸ್ಪತ್ರಿ ಒಳಗ ಕರಕೊಂಡು ಹೋದ್ರು, ಬಾಗಲಾ ಹಾಕಿದ್ರು, ನಮ್ಮನ್ನ ಗೇಟಿನ ಹೊರಗ ನಿಲ್ಲಿಸಿದ್ರು. ಐದು ರಾತ್ರಿ. ನೀ ಪ್ಲಾಸ್ಕಿನ್ಯಾಗ ಚಾ ತಂದು ನನ್ನ ಬಾಜೂ ಫುಟ್‌ಪಾತ್ ಮ್ಯಾಲ ಕುಂತಿದ್ದಿ, ನಿಂಗೂ ಮನಿಯಾಗ ವಯಸ್ಸಾದವ್ರಿದ್ರು, ಆದ್ರೂ ಬಂದಿ. ನಾ ಆ ಐದೂ ದಿನ ಪ್ರಾರ್ಥನಾ ಮಾಡಿದೆ, ಬಾಯಿಗೆ ಬಂದದ್ದೆಲ್ಲಾ ಹರಕಿ ಹೊತ್ತೆ, ನಮ್ಮಲ್ಲಿ ಹರಕಿ ಹೊರಬಾರ್ದಂತಾರ, ಹೊತ್ತೆ. ಆರನೇ ದಿನ ಬೆಳಿಗ್ಗೆ ಫೋನ್ ಬಂತು. ಮಣ್ಣಿಗೆ ನಾಲ್ಕ ಮಂದಿ, ಪಾಸ್ಟರು ದೂರ ನಿಂತು 23 ನೇ ಕೀರ್ತನೆ ಓದಿದ್ರು, ಕೊರತೆಪಡೆನು ಅನ್ನೂ ಮಾತು ಬಂದಾಗ ನಾ ಮುಖ ಆ ಕಡೆ ತಿರುವಿದೆ. ಅಲ್ಲಿಂದ ಹೆಚ್ಚು ಕಡಿಮಿ ಎರಡು ವರ್ಷ ನಾ ಚರ್ಚಿನ್ಯಾಗ ಹಾಡಿಲ್ಲ. ಹೋಗ್ತಿದ್ದೆ, ಅವ್ವನ್ನ ಕರಕೊಂಡು ಹೋಗ್ಬೇಕಲ್ಲ, ಹಿಂದಿನ ಬೆಂಚಿನ್ಯಾಗ ಬಾಯಿ ಮುಚ್ಚಿ ಕುಂದರ್ತಿದ್ದೆ. ಕಣ್ಣ ಮುಚ್ಚಿದ್ರ ಕುರುಬ ಬರ್ತಿದ್ದ, ಆದ್ರ ಬೆನ್ನು ಮಾಡಿ ಕುಂತಿರ್ತಿದ್ದ.

ಮಂದಿ ಏನೇನೋ ಹೇಳಿದ್ರು. ದೇವರ ಚಿತ್ತ ಅಂದ್ರು, ಪರಲೋಕದಾಗ ಹೂವು ಬೇಕಾಗಿತ್ತು ಅಂದ್ರು, ನಿನ್ನ ವಿಶ್ವಾಸ ಸಾಲಲಿಲ್ಲ ಅಂತನೂ ಒಬ್ರು ಅಂದ್ರು, ಆ ಮಾತು ಇವತ್ತಿಗೂ ನಂಗ ಮಾಫ್ ಮಾಡಾಕ ಆಗಿಲ್ಲ.

ನಂಗ ದಾರಿ ಸಿಕ್ಕಿದ್ದು ಎರಡು ಹಳೇ ಮಾತಿನಿಂದ. ಒಂದು, ಆ ಹೊಲದಾಗ ನಾ ಮುದುಕಗ ಕೇಳಿದ್ದು. ತ್ವಾಳ ಬಂದು ಮರಿ ಒಯ್ದಿತ್ತು ಒಂದ್ ಸಲ, ನಾಯಿ ಇದ್ರೂ ಒಯ್ದಿತ್ತು, ಮರುದಿನ ನಾ ಅಳ್ಕೋತ ಕೇಳಿದೆ, ತ್ವಾಳ ಬರ್ಲಾರದಂಗ ಮಾಡಾಕ ಬರೂದಿಲ್ಲೇನು ಅಂತ. “ಬರೂದು ಬರ್ತೈತಿ ತಮ್ಮಾ. ನಾ ಮಲಗೂದಿಲ್ಲ, ಅಷ್ಟ” ಅಂದ. ಅವ್ನ ಕಣ್ಣು ಕೆಂಪಗಿತ್ತು, ಅವ್ನ ತೋಳಿಗೆ ಪರಚಿದ ಗಾಯ ಇತ್ತು. ಇನ್ನೊಂದು ಅಪ್ಪನ ಕಡೇ ಫೋನು, ನಾಲ್ಕನೇ ರಾತ್ರಿ ಅಲ್ಲಿಯ ನರ್ಸಮ್ಮ ಪುಣ್ಯಾತಗಿತ್ತಿ ಹಚ್ಚಿ ಕೊಟ್ಟಿದ್ಳು. ಮಾಸ್ಕಿನ ಒಳಗಿಂದ ಮಾತು ಸರಿ ಬರ್ತಿರ್ಲಿಲ್ಲ. “ಎಲ್ಲಿದ್ದಿ?” ಅಂದ. “ಇಲ್ಲೇ ಗೇಟಿನ್ಯಾಗ ಅದೇನಿ ಅಪ್ಪಾ” ಅಂದೆ. “ಹಂಗಾರ ಸಾಕು” ಅಂದ. ನನ್ನ ಕೈಯಾಗ ಏನೂ ಆಗ್ತಿರ್ಲಿಲ್ಲ, ಆಕ್ಸಿಜನ್ ಇಲ್ಲ, ಔಷಧ ಇಲ್ಲ, ಒಳಗ ಹೋಗೂಹಂಗಿಲ್ಲ, ಅಪ್ಪಗದು ಗೊತ್ತಿತ್ತು, ಆದ್ರೂ ಸಾಕು ಅಂದ.

ಆ ಕೀರ್ತನೆ ಮತ್ತ ತೆಗದು ಓದಿದಾಗ ಇಷ್ಟ ವರ್ಷ ನೋಡಲಾರದ್ದು ಒಂದು ಕಂಡಿತು. ಮೊದಲ ಮೂರು ವಚನದಾಗ ದೇವ್ರಿಗೆ “ಆತನು” ಅಂತ ಐತಿ. ಆತನು ಹಸುರುಗಾವಲಿಗೆ ಒಯ್ತಾನ, ಆತನು ನೀರಿನ ಹತ್ತಿರ ಒಯ್ತಾನ. ಕಾರ್ಗತ್ತಲಿನ ಕಣಿವಿ ಬಂದ ಕೂಡ್ಲೆ ಅದು “ನೀನು” ಆಗ್ತೈತಿ, “ನೀನು ಹತ್ತಿರವಿರುವದರಿಂದ” ಅಂತ. ಹುಲ್ಲು ನೀರು ಇದ್ದಾಗ ದಾವೀದ ಅವ್ನ ಬಗ್ಗೆ ಬ್ಯಾರೆಯವ್ರಿಗೆ ಹೇಳ್ತಿದ್ದ, ಕತ್ತಲಾದ ಮ್ಯಾಲ ಅವ್ನ ಕೂಡನ ಮಾತಾಡಾಕತ್ತಾನ. ಅದೂ ಏಕವಚನದಾಗ, ಅವ್ವಗ ಅಂದಂಗ, ನೀ ನಂಗ ಅಂದಂಗ, ನಿಮ್ಮ ಶರಣರು ಅಂದಂಗ. ಮತ್ತ ಅಲ್ಲಿ ತ್ವಾಳ ಇರೂದಿಲ್ಲಂತ ಎಲ್ಲೂ ಬರದಿಲ್ಲ ನೋಡು.

ಹಂಗಾರ ನಿಮ್ಮ ದೇವ್ರಿಗೆ ಶಕ್ತಿ ಇಲ್ಲೇನು ಅಂತ ನೀ ಕೇಳ್ತಿ, ಕೇಳು. ಐತಿ ಅಂತ ನಂಬೇನಿ. ಯಾಕ ತಡೀಲಿಲ್ಲ ಅನ್ನೂದು ನಂಗ ಇನ್ನೂ ಹೊಟ್ಯಾಗಿನ ಕಲ್ಲು, ಕರಗಿಲ್ಲ, ಅದನ್ನ ಪ್ರಾರ್ಥನಾದಾಗ ಸೀದಾ ಕೇಳ್ತೇನಿ, ಜಗಳಾನೂ ತೆಗೀತೇನಿ. ಆದ್ರ ಏಸು ತಾನ ಒಳ್ಳೇ ಕುರುಬ ಅಂದಾಗ, ಕುರಿ ಸಲುವಾಗಿ ಪ್ರಾಣ ಕೊಡ್ತೇನಿ ಅಂದ, ಕೊಟ್ಟ. ತ್ವಾಳ ಅವ್ನನ್ನೂ ಬಿಡ್ಲಿಲ್ಲ. ನಾ ಪ್ರಾರ್ಥನಾ ಮಾಡೂದು ಮೈಮ್ಯಾಲ ಹಲ್ಲಿನ ಗುರುತಿರೂ ದೇವ್ರಿಗೆ, ದೂರ ಸಿಂಹಾಸನದ ಮ್ಯಾಲ ಕುಂತು ಲೆಕ್ಕಾ ಬರಿಯಾವ್ಗಲ್ಲ. ಮೂರನೇ ದಿನ ಎದ್ದ ಅನ್ನೂದೂ ನಂಬೇನಿ, ಅಪ್ಪನ ಸಮಾಧಿ ಮುಂದ ನಿಂತಾಗ ಆ ನಂಬಿಕಿ ಒಂದೊಂದ್ ದಿನ ಗಟ್ಟಿ ಇರ್ತೈತಿ, ಒಂದೊಂದ್ ದಿನ ನೂಲಿನ ಎಳಿ ಇದ್ದಂಗಿರ್ತೈತಿ, ಬೆಟಗೇರಿ ನೇಕಾರನ ಮಗಾ ನಾ, ಒಂದ್ ಎಳಿ ಉಳಿದಿದ್ರೂ ಗಂಟು ಹಾಕಿ ಮುಂದ ನೇಯಾಕ ಬರ್ತೈತಿ ಅಂತ ಅಪ್ಪ ತೋರಿಸಿ ಕೊಟ್ಟಾನ.

ಈಗ ಕಣ್ಣ ಮುಚ್ಚಿದ್ರ ಯಾರ್ ಬರ್ತಾರಂದ್ರ, ಅದ ಮುದುಕ. ಮುಖ ಸ್ಪಷ್ಟ ಕಾಣೂದಿಲ್ಲ, ಕಂಬಳಿ ಕೊಪ್ಪಿ ಹಾಕ್ಕೊಂಡಿರ್ತಾನ, ಮಳಿ ಹನಿ ಇರ್ತೈತಿ, ಕುಕ್ಕರಗಾಲಿನ್ಯಾಗ ಕುಂತಿರ್ತಾನ. ನಾ ಭಾಳ ಮಾತಾಡೂದಿಲ್ಲ ಈಗೀಗ. ಹಿಂದ ಪಟ್ಟಿ ಮಾಡಿ ಬೇಡ್ತಿದ್ದೆ, ಮಗಳ ಪರೀಕ್ಷಾ, ಲೋನು, ಅವ್ವನ ಮೊಣಕಾಲು. ಈಗಲೂ ಬೇಡ್ತೇನಿ, ಬೇಡಬಾರ್ದಂತಿಲ್ಲ, ಆದ್ರ ಅದಾದ ಮ್ಯಾಲ ಒಂದಿಷ್ಟು ಹೊತ್ತು ಸುಮ್ನ ಅವ್ನ ಬಾಜೂ ಕುಂದರ್ತೇನಿ. ನೀ ಅಂಗೈ ನೋಡ್ಕೋತ ಕುಂತಾಗ ನಿಂಗೇನಾಗ್ತೈತಿ ಅಂತ ನೀನೂ ಒಮ್ಮೆ ಬರೀ, ನಾ ಎಂದೂ ಕೇಳೇ ಇಲ್ಲ ನೋಡು, ಇಷ್ಟ ವರ್ಷದ ದೋಸ್ತಿಯಾಗ.

ಹೋದ ವರ್ಷ ಸುಗ್ಗಿ ಹಬ್ಬಕ್ಕ ಚರ್ಚಿನ್ಯಾಗ ಎಂದಿನಂಗ ಎಲ್ಲಾರೂ ಕುಂಬಳಕಾಯಿ, ಜ್ವಾಳ, ಕೋಳಿ ತಂದು ಇಟ್ಟಿದ್ರು, ಆರಾಧನೆ ಆದ ಮ್ಯಾಲ ಹರಾಜು. ಯಾರೋ ಹೊಸಾ ಕಂಬಳಿ ತಂದಿದ್ರು, ಹುಣಸಿಬೀಜದ ಗಂಜಿ ವಾಸನಿ ಇನ್ನೂ ಹೋಗಿರ್ಲಿಲ್ಲ. ನಾ ಬಿಡ್ಲಿಲ್ಲ, ಹರಾಜಿನ್ಯಾಗ ಏರಿಸಿ ಏರಿಸಿ ತೊಗೊಂಡೆ. ಅಪ್ಪನ ಮಂಚದ ಮ್ಯಾಲ ಹಾಸೇನಿ. ಮಗಳು ಚುಚ್ಚತೈತಿ ಅಂತಾಳ, ಆದ್ರ ಮಳಿ ಬಂದ್ ರಾತ್ರಿ ಅದನ್ನ ಎಳ್ಕೋತಾಳ. ಆವತ್ತ ಆ ಕುರುಬನ ಕೀರ್ತನೆ ಹಾಡು ಬಂತು, ಹಿಂದಿನ ಬೆಂಚಿನ್ಯಾಗ ನನ್ನ ಬಾಯಿನೂ ತೆರೀತು, ಅವ್ವ ತಿರುಗಿ ನೋಡಿದ್ಳು, ಏನೂ ಅನ್ಲಿಲ್ಲ.

ಬರೂ ಬ್ಯಾಸಗಿಗೆ ಮಾಮಾ ಹೊಲದಾಗ ಕುರಿ ತರುಬಸಾಕ ಹೇಳ್ಯಾನಂತ. ಆ ಮುದುಕ ಇಲ್ಲ, ಅವ್ನ ಮೊಮ್ಮಗ ಬರ್ತಾನಂತ, ಅವ್ನ ಕೈಯಾಗ ಮೊಬೈಲು, ಆದ್ರ ಹಿಂಡು ಅದ. ನೀನೂ ಬಾ. ಲಿಂಗ ಕೊರಳಾಗ ಇದ್ದ ಇರ್ತೈತಿ, ಪೂಜಿ ಅಲ್ಲೇ ಬಾವಿ ಕಟ್ಟಿಗೆ ಮಾಡ್ಕೊ. ಜ್ವಾಳದ ರೊಟ್ಟಿ, ಖಾರ ಚಟ್ನಿ ಅತ್ತಿ ಕಟ್ಟಿ ಕೊಡ್ತಾಳ. ಹಾಸಾಕ ಏನೂ ತರಬ್ಯಾಡ, ಕಂಬಳಿ ನಾ ತರ್ತೇನಿ.

ನಿನ್ನ ದೋಸ್ತ