ಹೊಸ ಪಿಕಪ್ ನಂಬಬಹುದಾ ಅಂತ ಕೇಳಿದ ಗೆಳೆಯನಿಗೆ

ಗೆಳೆಯಾ,

ಹೇಗಿದ್ದೀಯಾ? ಅತ್ತಿಗೆ, ಮಕ್ಕಳು ಎಲ್ಲ ಆರಾಮಾ? ಸಕಲೇಶಪುರದಲ್ಲಿ ಮಳೆ ನಿಂತಿತಾ? ಇಲ್ಲಿ ಮುಳಬಾಗಿಲಲ್ಲಿ ಮೋಡ ಮಾತ್ರ ಬಂದು ಹೋಗುತ್ತಿದೆ.

ಹೊಸ ಪಿಕಪ್ ತಗೋಬೇಕು, ನಿನ್ನದು ಹೇಗಿದೆ, ನಡುದಾರಿಯಲ್ಲಿ ಕೈಕೊಡುತ್ತದಾ ಅಂತ ಕೇಳಿದ್ದೆಯಲ್ಲ. ಫೋನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ, ಅದಕ್ಕೆ ಬರೆಯುತ್ತಿದ್ದೇನೆ. ಗಾಡಿ ತಗೋಬೇಕು ಅಂತಿರುವ ಬೇರೆಯವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ. ಹಾಗಾಗಿ ನನ್ನ ಗಾಡಿ ಯಾವ ಕಂಪನಿಯದು ಅಂತ ಇಲ್ಲಿ ಬರೆಯುವುದಿಲ್ಲ. ನಿನಗೆ ಗೊತ್ತೇ ಇದೆ, ಸುಮ್ನಿರು.

2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2000 ರೂಪಾಯಿ ದಾಟಿತ್ತು. ಆ ಸೀಸನ್ ದುಡ್ಡಲ್ಲಿ ಬಂದ ಗಾಡಿ ಇದು. ಅಲ್ಲಿಂದ ಇಲ್ಲಿವರೆಗೆ ಇಂಜಿನ್ ಒಂದು ದಿನವೂ ಸತಾಯಿಸಿಲ್ಲ. ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಎರಡೂ ಗಟ್ಟಿ. ಬೆಳಗಿನ ಜಾವ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ನಮ್ಮಪ್ಪನ ಕಾಲದ ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಬೆಳಗ್ಗೆ ನಾವೆಲ್ಲ ತಳ್ಳಿ ಸ್ಟಾರ್ಟ್ ಮಾಡುತ್ತಿದ್ದೆವು. ಆ ಕಷ್ಟ ಈಗಿಲ್ಲ.

ತೊಂದರೆ ಕೊಟ್ಟಿದ್ದು ಇಂಜಿನ್ ಸುತ್ತ ಇರುವ ಸಾಮಾನು. ಅದರಲ್ಲೂ ಹೊಗೆಯ ಫಿಲ್ಟರ್. ನೀನು ಗಮನ ಕೊಟ್ಟು ಓದಬೇಕಾದ್ದು ಇದನ್ನೇ.

2020ರ ಏಪ್ರಿಲ್‌ನಿಂದ ಎಲ್ಲ ಹೊಸ ಗಾಡಿಗೂ ಬಿಎಸ್6 ಅನ್ನುವ ಹೊಗೆ ನಿಯಮ ಬಂತಲ್ಲ, ಆಮೇಲೆ ಈ ಡೀಸೆಲ್ ಪಿಕಪ್‌ಗಳ ಸೈಲೆನ್ಸರ್ ಲೈನ್‌ನಲ್ಲಿ ಡಿಪಿಎಫ್ ಅಂತ ಒಂದು ಫಿಲ್ಟರ್ ಸೇರಿಕೊಂಡಿತು. ಹೊಗೆಯಲ್ಲಿರುವ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಮಸಿ ತುಂಬಿದಾಗ ಗಾಡಿಯೇ ಸ್ವಲ್ಪ ಹೆಚ್ಚಿಗೆ ಡೀಸೆಲ್ ಬಿಟ್ಟು, ಫಿಲ್ಟರನ್ನು ಸುಮಾರು 600 ಡಿಗ್ರಿವರೆಗೆ ಬಿಸಿ ಮಾಡಿ ಮಸಿಯನ್ನು ಸುಟ್ಟುಹಾಕುತ್ತದೆ. ಆದರೆ ಅದಕ್ಕೆ ಗಾಡಿ ಒಂದೇ ಸಮ ಓಡುತ್ತಿರಬೇಕು. ನಾನು ಲೋಡ್ ಹಾಕಿಕೊಂಡು ಹೈವೇಯಲ್ಲಿ ಕೋಲಾರಕ್ಕೋ ಬೆಂಗಳೂರಿಗೋ ಹೋಗುವಾಗ ಅದು ತಾನಾಗಿಯೇ ಸುಟ್ಟುಕೊಳ್ಳುತ್ತದೆ. ನನಗೆ ಗೊತ್ತೂ ಆಗುವುದಿಲ್ಲ.

ತೊಂದರೆ ಬಂದದ್ದು ಟೊಮೆಟೊ ಇಲ್ಲದ ತಿಂಗಳುಗಳಲ್ಲಿ. ಆಗ ತೋಟದಿಂದ ಊರಿಗೆ ಗೊಬ್ಬರ, ಊರಿಂದ ತೋಟಕ್ಕೆ ಡ್ರಿಪ್ ಪೈಪು, ಹಾಲಿನ ಡೇರಿ ಹತ್ತಿರ ಒಂದು ರೌಂಡು, ಇಷ್ಟೇ ಓಡಾಟ. ಎಲ್ಲ ಎರಡನೇ ಗೇರಿನ ಕೆಲಸ. ಸೈಲೆನ್ಸರ್ ಬಿಸಿಯಾಗುವ ಮೊದಲೇ ಗಾಡಿ ಆಫ್. ಡ್ಯಾಶ್‌ಬೋರ್ಡಲ್ಲಿ ಲೈಟ್ ಬಂತು, ಎರಡು ದಿನದಲ್ಲಿ ಗಾಡಿಯ ಎಳೆತವೇ ಸತ್ತುಹೋಯಿತು. ಆಕ್ಸಲರೇಟರ್ ಎಷ್ಟು ಒತ್ತಿದರೂ ಎತ್ತಿನಗಾಡಿ ಹಾಗೆ ಹೋಗುತ್ತಿತ್ತು. ಊರಿನ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, 'ಅಣ್ಣಾ, ಇದು ಸ್ಪ್ಯಾನರ್ ಕೆಲಸ ಅಲ್ಲ' ಅಂದು ಕೈತೊಳೆದುಕೊಂಡ. ಕೊನೆಗೆ ಕಂಪನಿ ಸರ್ವಿಸ್‌ನಲ್ಲಿ ಲ್ಯಾಪ್‌ಟಾಪ್ ಜೋಡಿಸಿ, ಗಾಡಿ ನಿಲ್ಲಿಸಿಕೊಂಡೇ ಮಸಿ ಸುಡಿಸಿದರು.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಮಸಿ ಸುಡುತ್ತಿರುವಾಗ ಪದೇ ಪದೇ ಇಂಜಿನ್ ಆಫ್ ಮಾಡಿದರೆ, ಸುಡದೆ ಉಳಿದ ಡೀಸೆಲ್ ಕೆಳಗಿಳಿದು ಇಂಜಿನ್ ಆಯಿಲ್‌ಗೆ ಸೇರುತ್ತದೆ. ಆಯಿಲ್ ತೆಳುವಾಗುತ್ತದೆ, ಬೇರಿಂಗ್‌ಗಳಿಗೆ ಅದು ಒಳ್ಳೆಯದಲ್ಲ. ಡಿಪ್‌ಸ್ಟಿಕ್ ಎಳೆದು ನೋಡಿದಾಗ ಆಯಿಲ್ ಮಟ್ಟ ಏರಿದ್ದರೆ ಖುಷಿ ಪಡಬೇಡ, ಸೀದಾ ಸರ್ವಿಸ್‌ಗೆ ಹೋಗು. ಮತ್ತೆ ಆಯಿಲ್ ವಿಷಯದಲ್ಲಿ ಜಿಪುಣತನ ಬೇಡ. ಗಾಡಿಯ ಜೊತೆ ಕೊಡುವ ಪುಸ್ತಕದಲ್ಲಿ ಹೇಳಿದ ಬೂದಿ ಕಡಿಮೆ ಬರುವ ಆಯಿಲನ್ನೇ ಹಾಕಿಸು. ಮಸಿಯಾದರೆ ಸುಟ್ಟುಹೋಗುತ್ತದೆ, ಆಯಿಲ್‌ನ ಬೂದಿ ಸುಡುವುದಿಲ್ಲ. ಅದು ಫಿಲ್ಟರಲ್ಲೇ ಕೂತುಬಿಡುತ್ತದೆ. ಫಿಲ್ಟರ್ ಬದಲಾಯಿಸುವ ರೇಟು ಕೇಳಿದರೆ ನಿನಗೆ ರಾತ್ರಿ ನಿದ್ದೆ ಬರುವುದಿಲ್ಲ ಮಾರಾಯ.

ಈಗ ನಿನ್ನ ಓಡಾಟ ಯೋಚಿಸು. ಕಾಫಿ ಎಸ್ಟೇಟ್ ಒಳಗೆ ಏರು, ಇಳಿಜಾರು, ಕೆಸರು. ಕೊಯ್ಲಿನ ಕಾಲದಲ್ಲಿ ಚೀಲಗಳನ್ನು ಕಣಕ್ಕೆ ತರುವುದು, ಪೇಟೆಗೆ ಹೋಗಿ ರೇಷನ್ ತರುವುದು. ವರ್ಷದಲ್ಲಿ ಯಾವಾಗಲೋ ಕಾಫಿ ಸಿಪ್ಪೆ ತೆಗೆದು ಹದ ಮಾಡುವ ಹಾಸನದ ಕ್ಯೂರಿಂಗ್ ವರ್ಕ್ಸ್‌ಗೆ ಲೋಡ್. ಅಂದರೆ ನನ್ನ ಕೆಟ್ಟ ತಿಂಗಳುಗಳೇ ನಿನಗೆ ಇಡೀ ವರ್ಷ. ನನ್ನ ಗಾಡಿ ಚೆನ್ನಾಗಿದೆ ಅಂತ ನೋಡಿ ಅದನ್ನೇ ತಂದರೆ, ಅದೇ ಗಾಡಿ ನಿನ್ನ ಹತ್ತಿರ ತಿಂಗಳಿಗೊಮ್ಮೆ ಲೈಟ್ ಹಾಕಿಕೊಂಡು ನಿಲ್ಲಬಹುದು. ಡೀಸೆಲ್ಲೇ ಬೇಕು ಅಂದರೆ ವಾರಕ್ಕೊಮ್ಮೆ ಹಾಸನದ ಕಡೆ ಅರ್ಧ ಗಂಟೆ ಒಂದೇ ಸಮ ಓಡಿಸಿಕೊಂಡು ಬಾ. ಅತ್ತಿಗೆಗೆ ಸಂತೆಗೆ ಕರೆದುಕೊಂಡು ಹೋಗುತ್ತೇನೆ ಅಂತ ಹೇಳು, ಎರಡೂ ಕೆಲಸ ಆಗುತ್ತದೆ.

ಲೋಡ್ ಜಾಸ್ತಿ ಇಲ್ಲ ಅಂದರೆ ಪೆಟ್ರೋಲ್ ಗಾಡಿ ನೋಡು. ಮಾರುತಿ ಸೂಪರ್ ಕ್ಯಾರಿ ಪೆಟ್ರೋಲ್ ಮಾಡೆಲ್ 740 ಕೆಜಿ ಹೊರುತ್ತದೆ, ಈ ಡಿಪಿಎಫ್ ಗೋಳೂ ಇಲ್ಲ. ಆದರೆ ನಿನ್ನ ಎಸ್ಟೇಟ್ ಏರಿನಲ್ಲಿ ಮಳೆಗಾಲದಲ್ಲಿ ಅದು ಹತ್ತುತ್ತದೆ ಅಂತ ನಾನು ಗ್ಯಾರಂಟಿ ಕೊಡಲಾರೆ. ನಿಮ್ಮ ಕಡೆ ಬೊಲೆರೊ ಕ್ಯಾಂಪರ್ ಇಟ್ಟುಕೊಂಡವರು ಇದ್ದೇ ಇರುತ್ತಾರೆ. ಫೋರ್ ವೀಲ್ ಡ್ರೈವ್ ಇರುವವರ ಹತ್ತಿರವೇ ಹೋಗಿ ಕೇಳು. ಶೋರೂಮ್ ಹುಡುಗರನ್ನು ಕೇಳಿದರೆ ಎಲ್ಲ ಗಾಡಿಯೂ ಹಿಮಾಲಯ ಹತ್ತುತ್ತದೆ. ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಹೈಲಕ್ಸ್ ಪಿಕಪ್‌ನ ಆಸೆ ನಿನಗಿದೆ ಅಂತ ಗೊತ್ತು. ಅಷ್ಟು ದುಡ್ಡು ಕೊಟ್ಟು ತಂದ ಗಾಡಿಗೆ ಕಾಫಿ ಚೀಲ ಹೊರಿಸಲು ಮನಸ್ಸು ಬರುತ್ತದಾ? ಹಳೇ ನಿಯಮದ ಸೆಕೆಂಡ್ ಹ್ಯಾಂಡ್ ಬಿಎಸ್4 ಗಾಡಿ ಕೂಡ ಕೆಟ್ಟದ್ದಲ್ಲ. ಆದರೆ ಚಾಸಿಗೆ ವೆಲ್ಡಿಂಗ್ ಆಗಿದೆಯಾ ಅಂತ ಕೆಳಗೆ ಮಲಗಿ ನೋಡದೆ ದುಡ್ಡು ಕೊಡಬೇಡ.

ಕೆಲವು ಡೀಸೆಲ್ ಗಾಡಿಗೆ ಹೊಗೆ ಶುದ್ಧ ಮಾಡಲು ಡಿಇಎಫ್ ಅಂತ ಯೂರಿಯಾ ನೀರನ್ನು ಬೇರೆ ಟ್ಯಾಂಕಿಗೆ ಹಾಕಬೇಕು. ಅದು ಪೂರ್ತಿ ಖಾಲಿಯಾದರೆ ಆಫ್ ಮಾಡಿದ ಗಾಡಿ ಮತ್ತೆ ಸ್ಟಾರ್ಟ್ ಆಗದ ಹಾಗೆ ಮಾಡಿರುತ್ತಾರೆ. ಅದರಲ್ಲಿ 32.5 ಪರ್ಸೆಂಟ್ ಯೂರಿಯಾ, ಉಳಿದದ್ದು ಶುದ್ಧ ನೀರು. ಮನೆಯಲ್ಲಿ ಗೊಬ್ಬರದ ಮೂಟೆ ಇದೆ, ಕಲಸಿ ಹಾಕೋಣ ಅಂತ ಯಾರಾದರೂ ಬುದ್ಧಿ ಹೇಳಿದರೆ ಅವರನ್ನು ಗಾಡಿ ಹತ್ತಿರ ಬಿಡಬೇಡ. ಗೊಬ್ಬರದ ಕಲ್ಮಶ ಆ ನೀರನ್ನು ಸಿಂಪಡಿಸುವ ಇಂಜೆಕ್ಟರನ್ನು ಕಟ್ಟಿಬಿಡುತ್ತದೆ.

ಇನ್ನು ಇಲಿ. ನಗಬೇಡ. ಶೆಡ್ಡಲ್ಲಿ ನಿಂತ ಗಾಡಿಯ ಸೆನ್ಸರ್ ವೈರ್ ಕಡಿದು, ಸಂತೆಯ ದಿನವೇ ಗಾಡಿ ಅಲುಗಾಡಲಿಲ್ಲ. ವಾರಂಟಿಯಲ್ಲಿ ಬರುವುದಿಲ್ಲ ಅಂದರು. ಬಾಡಿಗೆ ಗಾಡಿ ಹುಡುಕಿ ಮಂಡಿ ಮುಟ್ಟುವ ಹೊತ್ತಿಗೆ ಹರಾಜು ಮುಗಿಯುತ್ತಾ ಬಂದಿತ್ತು. ಹಣ್ಣಾದ ಟೊಮೆಟೊ ನಾಳೆವರೆಗೆ ಕಾಯುತ್ತದಾ? ರಿಪೇರಿ ಬಿಲ್‌ಗಿಂತ ಆ ಬೆಳಗಿನ ನಷ್ಟವೇ ಜಾಸ್ತಿ.

ಅದಕ್ಕೇ ಹೇಳುವುದು, ಮೈಲೇಜ್ ಒಂದು ಕಿಲೋಮೀಟರ್ ಹೆಚ್ಚೋ ಕಡಿಮೆಯೋ ಅಂತ ತಲೆ ಕೆಡಿಸಿಕೊಳ್ಳಬೇಡ. ನಿನ್ನ ಗೇಟಿನಿಂದ ಸರ್ವಿಸ್ ಎಷ್ಟು ದೂರ, ಅಲ್ಲಿ ಸ್ಕ್ಯಾನರ್ ಇದೆಯಾ, ಸೆನ್ಸರ್ ಸ್ಟಾಕ್ ಇಡುತ್ತಾರಾ ಅಂತ ಕೇಳು. ನನ್ನ ಗಾಡಿಯ ಒಂದು ಚಿಕ್ಕ ಸೆನ್ಸರ್ ಬರಲು ಒಂದು ವಾರ ಹಿಡಿಯಿತು. ಶೋರೂಮ್ ಎಸಿಯಲ್ಲಿ ಕಾಫಿ ಕೊಟ್ಟರು, ಸೆನ್ಸರ್ ಕೊಡಲಿಲ್ಲ.

ಓವರ್‌ಲೋಡ್ ವಿಷಯ ನಿನಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಕ್ರೇಟ್ ಸೇರಿ ಬಾಕ್ಸ್ 17 ಕೆಜಿ ಅಂತ ಹಿಡಿದರೆ 1.7 ಟನ್ ಗಾಡಿಗೆ ನೂರು ಬಾಕ್ಸ್. ನಮ್ಮ ಕಡೆ ನೂರೈವತ್ತು ಏರಿಸಿ, ಆಮೇಲೆ ಹಿಂದಿನ ಸ್ಪ್ರಿಂಗ್ ಪಟ್ಟಿ ಮುರಿಯಿತು, ಕ್ಲಚ್ ಹೋಯಿತು, ಗಾಡಿ ಸರಿಯಿಲ್ಲ ಅಂತ ಬೈಯುವವರು ಬೇಕಾದಷ್ಟಿದ್ದಾರೆ. ಅಂಥವರ ಮಾತು ಕೇಳಿ ಯಾವ ಗಾಡಿಯನ್ನೂ ಲಿಸ್ಟಿನಿಂದ ತೆಗೆಯಬೇಡ. ಮೊದಲು ಎಷ್ಟು ಲೋಡ್ ಹಾಕುತ್ತಿದ್ದರು ಅಂತ ಕೇಳು.

ಬುಕ್ ಮಾಡುವ ಮುಂಚೆ ಒಮ್ಮೆ ಬಂದು ಹೋಗು. ನಿನ್ನ ಊರಿನ 75ನೇ ಹೈವೇಯೇ ಇಲ್ಲಿಗೂ ಬರುತ್ತದೆ. ನನ್ನ ಗಾಡಿಯನ್ನು ಲೋಡ್ ಹಾಕಿ ಒಂದು ದಿನ ನೀನೇ ಓಡಿಸು. ಬರುವಾಗ ಒಂದು ಕೆಜಿ ಕಾಳುಮೆಣಸು ತಾ, ನಿನ್ನ ತಂಗಿ ಕೇಳುತ್ತಿದ್ದಾಳೆ.

ಇಂತಿ,
ನಿನ್ನ ಗೆಳೆಯ