ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, ನಮ್ಮ ತೀರ್ಥಹಳ್ಳಿ ಸುತ್ತಿನ ಮನೆಗಳಲ್ಲಿಯೂ ಸಣ್ಣ ಕಚೇರಿಗಳಲ್ಲಿಯೂ ‘ಈ ಕಂಪ್ಯೂಟರ್ ಇನ್ನು ಗುಜರಿಗೇ’ ಎಂಬ ಮಾತು ಕೇಳಿಬರುತ್ತಿದೆ. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ, ಇಂಟೆಲ್ ಯಂತ್ರವಾದರೆ ಬಹುಮಟ್ಟಿಗೆ 8ನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರನ್ನೂ ಕೇಳುವುದರಿಂದ, ಚೆನ್ನಾಗಿಯೇ ನಡೆಯುತ್ತಿರುವ ಎಷ್ಟೋ ಯಂತ್ರಗಳಿಗೆ ಅದು ದಕ್ಕುವುದಿಲ್ಲ. ಇಂಥವುಗಳಿಗೆ, ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ, ಹಲವು ಬಗೆಗಳಲ್ಲಿ ಉಚಿತವಾಗಿ ಸಿಗುವ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಇದೆ ಎಂದು ಬಲ್ಲವರು ಹೇಳುತ್ತಾರೆ. ಆದರೆ ಯಾವ ಲಿನಕ್ಸ್ ಎಂದು ಆರಿಸುವಾಗ, ಎಲ್ಲಕ್ಕಿಂತ ಹಗುರವಾದದ್ದು ಯಾವುದೆಂದು ಹುಡುಕುವುದಕ್ಕಿಂತ, ನಮ್ಮ ಕನ್ನಡದ ಕೆಲಸ ಅದರಲ್ಲಿ ಹೇಗೆ ಸಾಗೀತು ಎಂಬುದನ್ನು ಮೊದಲು ನೋಡಬೇಕೆಂಬುದು ನನ್ನ ಅನುಭವ.

ಮಗ ಹೊಸದನ್ನು ಕೊಂಡು ಮನೆಯಲ್ಲಿ ಬಿಟ್ಟುಹೋದ, 4 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪಿಗೆ ನಾನು ಮೊದಲು ಹಾಕಿದ್ದು ತೀರಾ ಹಗುರವೆಂದು ಹೆಸರಾದ ಆಂಟಿಎಕ್ಸ್ ಎಂಬ ಲಿನಕ್ಸ್. ಅದೇನೋ ಬೇಗ ತೆರೆದುಕೊಂಡಿತು. ಬ್ರೌಸರಿನಲ್ಲಿ ನಾಲ್ಕು ಪುಟ ತೆರೆದ ಮೇಲೆ ಮಾತ್ರ ಮತ್ತೆ ಹಳೆಯ ಏದುಸಿರೇ. ಈಗ ರ‍್ಯಾಮ್ ತಿನ್ನುವುದು ಆಪರೇಟಿಂಗ್ ಸಿಸ್ಟಂಗಿಂತ ಹೆಚ್ಚಾಗಿ ಬ್ರೌಸರು ಎಂಬುದು ಆಗ ಅರಿವಾಯಿತು. ಅದರ ಮೆನು ನನ್ನ ಹೆಂಡತಿಗೆ ಒಗ್ಗಲೂ ಇಲ್ಲ. ಆಮೇಲೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಹಾಕಿದೆ. ಮಿಂಟ್ ಕನಿಷ್ಠ 2 ಜಿಬಿ ರ‍್ಯಾಮ್ ಕೇಳುತ್ತದೆ, 4 ಜಿಬಿ ಇದ್ದರೆ ಹಿತವೆನ್ನುತ್ತದೆ. ಜೊತೆಗೆ ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ ಅದಕ್ಕಿಂತ ವೇಗವಾದ ಎಸ್‌ಎಸ್‌ಡಿ ಕೂರಿಸಿದ್ದರಿಂದ ಆದ ವ್ಯತ್ಯಾಸ, ಪ್ರಾಮಾಣಿಕವಾಗಿ ಹೇಳುವುದಾದರೆ, ಲಿನಕ್ಸಿನಿಂದ ಆದದ್ದಕ್ಕಿಂತ ದೊಡ್ಡದು. ಮೊಬೈಲ್ ಸಿಗ್ನಲಿಗೆ ಗುಡ್ಡದ ನೆತ್ತಿಗೆ ಹೋಗಬೇಕಾದ ನಮ್ಮಂಥವರಿಗೆ ಮಿಂಟ್‌ನಲ್ಲಿ ಇನ್ನೊಂದು ಅನುಕೂಲವಿದೆ: ನಾವಾಗಿ ಬದಲಿಸದಿದ್ದರೆ ಅದು ಅಪ್‌ಡೇಟ್ ಬಂದಿದೆ ಎಂದು ತಿಳಿಸಿ ಸುಮ್ಮನಿರುತ್ತದೆಯೇ ಹೊರತು, ಹೇಳದೆ ಕೇಳದೆ ಇಳಿಸಿಕೊಂಡು ಡೇಟಾ ಖಾಲಿ ಮಾಡುವುದಿಲ್ಲ.

ಲಿನಕ್ಸ್ ಹಾಕಿದರೆ ಎಂಥ ಯಂತ್ರವೂ ಬದುಕುತ್ತದೆ ಎಂಬ ಉತ್ಸಾಹವನ್ನು ಮಾತ್ರ ನಾನು ಒಪ್ಪಲಾರೆ. 32 ಬಿಟ್ ಪ್ರೊಸೆಸರಿನ ತೀರಾ ಹಳೆಯ ಯಂತ್ರಗಳನ್ನು ಉಬುಂಟು ಎಂಬ ಹೆಸರಾಂತ ಲಿನಕ್ಸ್ ಎಂದೋ ಕೈಬಿಟ್ಟಿದೆ. ಹಳೆಯದಕ್ಕೆ ಆಸರೆಯಾಗಿದ್ದ ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್ ಕೂಡ 2025ರ ಆಗಸ್ಟ್‌ನಲ್ಲಿ ಬಂದ ತನ್ನ 13ನೇ ಆವೃತ್ತಿಯಿಂದ ಅವುಗಳಿಗೆ ಇನ್‌ಸ್ಟಾಲರ್ ಕೊಡುತ್ತಿಲ್ಲ. ಅಂಥದ್ದಕ್ಕೆ ದುಡ್ಡು ಸುರಿಯಬಾರದು.

ಇನ್ನು ಕನ್ನಡದ ವಿಷಯ. ಬೆರಳಚ್ಚಿನದು ದೊಡ್ಡ ತೊಡಕೇನಲ್ಲ. ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ನಾವು ಬಳಸಿದ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಹೋಲುವ ‘ಕೆಜಿಪಿ’ ಎಂಬ ವಿನ್ಯಾಸ ಲಿನಕ್ಸಿನಲ್ಲಿ ಬೆರಳಚ್ಚಿಗೆ ನೆರವಾಗುವ ಐಬಸ್‌ನಲ್ಲಿಯೂ ಸಿಗುವುದರಿಂದ, ಪಳಗಿದ ಬೆರಳುಗಳು ಹೊಸ ಪಾಠ ಕಲಿಯಬೇಕಿಲ್ಲ. ನಿಜವಾದ ತೊಡಕು ಹಳೆಯ ಕಡತಗಳದ್ದು. ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರ ಸಂಕೇತವಾದ ಯೂನಿಕೋಡ್ ಅಲ್ಲದ, ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚಿಸಿಟ್ಟ ನಮ್ಮ ಸಹಕಾರ ಸಂಘದ ನಡಾವಳಿಗಳನ್ನು ಲಿನಕ್ಸಿನಲ್ಲಿ ಕಡತ ತೆರೆಯಲು ಬಳಸುವ ಲಿಬ್ರೆಆಫೀಸಿನಲ್ಲಿ ತೆರೆದಾಗ, ಆ ಫಾಂಟ್ ಇಲ್ಲದ ಕಾರಣ ಪುಟದ ತುಂಬ ಅರ್ಥವಾಗದ ರೋಮನ್ ಅಕ್ಷರಗಳೇ ಕಂಡವು. ಅವುಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ಆದರೆ ಹಳೆಯ ಫಾಂಟಿನಲ್ಲಿ ಅಕ್ಷರದ ನಂತರ ಬರುವ ಅರ್ಕಾವತ್ತು ಯೂನಿಕೋಡಿನಲ್ಲಿ ಅಕ್ಷರಕ್ಕೆ ಮುಂಚಿನ ರಕಾರವಾಗಬೇಕಾದ್ದರಿಂದ, ‘ವರ್ಷ’, ‘ಕಾರ್ಯದರ್ಶಿ’ಯಂಥ ಪದಗಳನ್ನು ಒಮ್ಮೆ ಕಣ್ಣಾಡಿಸಿ ನೋಡಲೇಬೇಕು. ಎರಡು ವರ್ಷಗಳ ನಡಾವಳಿಯನ್ನು ಹೀಗೆ ತಿದ್ದಲು ನನಗೆ ಆರಿದ್ರಾ ಮಳೆಯ ಅಷ್ಟೂ ದಿನಗಳು ಹಿಡಿದವು. ಹೊರಗೆ ಕಾಲಿಡಲಾಗದ ಕಾಲವಾದ್ದರಿಂದ ಬೇಸರವಾಗಲಿಲ್ಲ.

ಆದ್ದರಿಂದ ಶಾಲೆಗಳಲ್ಲಿ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮೂಲೆ ಸೇರಿರುವ ಕಂಪ್ಯೂಟರ್‌ಗಳನ್ನು ವಿಲೇವಾರಿ ಮಾಡುವ ಮುನ್ನ, ಒಂದು ಪೆನ್‌ಡ್ರೈವಿನಿಂದಲೇ ಲಿನಕ್ಸನ್ನು ಚಾಲೂ ಮಾಡಿ, ಡಿಸ್ಕಿನಲ್ಲಿರುವುದನ್ನು ಮುಟ್ಟದೆ, ವೈಫೈ, ಪ್ರಿಂಟರ್, ಕನ್ನಡ ಬೆರಳಚ್ಚು ಈ ಮೂರನ್ನೂ ಪರೀಕ್ಷಿಸಿ ನೋಡಬೇಕೆಂದು ಸಂಬಂಧಪಟ್ಟವರನ್ನು ವಿನಂತಿಸುತ್ತೇನೆ. ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಉಬುಂಟು ಆಧಾರಿತ ವ್ಯವಸ್ಥೆಯಲ್ಲಿಯೇ ಕಲಿಯುತ್ತಿರುವಾಗ ನಮ್ಮಲ್ಲಿ ಅಸಾಧ್ಯವೇನಲ್ಲ. ಹಾಗೆಯೇ ಸಾರ್ವಜನಿಕರಿಗೆ ಕೊಡುವ ಅರ್ಜಿ ನಮೂನೆಗಳನ್ನು ಕಚೇರಿಗಳು ಇನ್ನಾದರೂ ಯೂನಿಕೋಡಿನಲ್ಲಿಯೇ ಸಿದ್ಧಪಡಿಸಿದರೆ, ನಮ್ಮಂಥವರು ಒಂದು ಅರ್ಜಿ ತೆರೆಯುವುದಕ್ಕಾಗಿ ವಿಂಡೋಸ್ ಇರುವ ಅಂಗಡಿಯನ್ನು ಹುಡುಕಿಕೊಂಡು ಪೇಟೆಗೆ ಹೋಗುವುದು ತಪ್ಪುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ, ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ